650 ವ್ಯಾಟ್ ಸಾಕಾ, 850 ಬೇಕಾ?

ಹೊಸಕೈ: ಮೊದಲ ಸಲ ನಾನೇ ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ಪ್ರೊಸೆಸರ್ ರೈಜೆನ್ 7 7800ಎಕ್ಸ್3ಡಿ, ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 4070. ಪವರ್ ಸಪ್ಲೈ 650 ವ್ಯಾಟಿನ ಗೋಲ್ಡ್ (ಕರೆಂಟು ಎಷ್ಟು ಕಡಿಮೆ ಪೋಲಾಗುತ್ತದೆ ಅಂತ ಹೇಳುವ 80 ಪ್ಲಸ್ ದರ್ಜೆ) ಸಾಕಾ, 850 ತಗೊಳ್ಳಲಾ? ಗೊತ್ತಿದ್ದವರು ಹೇಳಿ.

ತಂತಿಗಂಟು: 650 ಧಾರಾಳವಾಗಿ ಸಾಕು. ಪ್ರೊಸೆಸರ್ ಹೆಚ್ಚೆಂದರೆ 162 ವ್ಯಾಟ್ ಎಳೆಯುತ್ತದೆ, ಕಾರ್ಡು 200. ಬೋರ್ಡು, ಫ್ಯಾನು, ಎಸ್‌ಎಸ್‌ಡಿ ಎಲ್ಲಕ್ಕೂ ಸೇರಿಸಿ 70 ಇಟ್ಟುಕೊಂಡರೂ 432. ಎನ್‌ವಿಡಿಯಾದವರೂ ಈ ಕಾರ್ಡಿಗೆ 650 ಅಂತಲೇ ಹೇಳುತ್ತಾರೆ. 850 ತಗೊಂಡರೆ ಸುಮ್ನೆ ದುಡ್ಡು ದಂಡ.

ಹಳೇಹುಲಿ: 650 ಧಾರಾಳ ಅಂದಿರಲ್ಲ, ಆ 650 ಪೂರ್ತಿ ಸಿಗುತ್ತದೆ ಅಂತ ಯಾರು ಹೇಳಿದರು? ಗೋಲ್ಡ್ ಅಂದರೆ 90%. ಕೈಗೆ ಸಿಗುವುದು 585 ಮಾತ್ರ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ ಸ್ವಾಮಿ. 850 ತಗೊಳ್ಳಿ.

ತಂತಿಗಂಟು: ಇದು ತಪ್ಪು. ಲೇಬಲ್ ಮೇಲಿನ 650 ಅಂದರೆ ಸಪ್ಲೈಯು ಕಂಪ್ಯೂಟರಿನ ಭಾಗಗಳಿಗೆ ಕೊಡುವ ವ್ಯಾಟ್. ನಷ್ಟದ ಲೆಕ್ಕ ಗೋಡೆಯ ಪ್ಲಗ್ ಕಡೆಗೆ ಸೇರುತ್ತದೆ. 650 ಕೊಡಬೇಕಾದರೆ ಅದು ಪ್ಲಗ್‌ನಿಂದ 722 ಎಳೆಯುತ್ತದೆ, ಅಷ್ಟೇ.

ಲೆಕ್ಕದವ: 722 ಅಲ್ಲ. ಗೋಲ್ಡಿನ 90% ಇರುವುದು ಅರ್ಧ ಲೋಡಿಗೆ. 115 ವೋಲ್ಟಿನ ಪರೀಕ್ಷೆಯಲ್ಲಿ ಪೂರ್ತಿ ಲೋಡಿಗೆ ಕೇಳುವುದು 87%. ಆ ಲೆಕ್ಕದಲ್ಲಿ 747 ಆಗುತ್ತದೆ. ಇನ್ನೊಬ್ಬರನ್ನು ತಿದ್ದುವಾಗ ಸರಿಯಾಗಿ ತಿದ್ದಬೇಕು ಅಲ್ವಾ?

ಹಳೇಹುಲಿ: ನೋಡಿ, ಒಬ್ಬರು 722 ಅನ್ನುತ್ತಾರೆ, ಇನ್ನೊಬ್ಬರು 747. ನಿಮ್ಮ ನಿಮ್ಮಲ್ಲೇ ತಾಳೆ ಇಲ್ಲ. ನಾನು ಪ್ಲಗ್‌ಗೆ ಮೀಟರ್ ಹಾಕಿ ನೋಡಿದವನು.

ತಂತಿಗಂಟು: ಎರಡೂ 650ಕ್ಕಿಂತ ಜಾಸ್ತಿ ತಾನೇ? 585 ಅಂತ ಇಬ್ಬರಲ್ಲಿ ಯಾರೂ ಹೇಳಲಿಲ್ಲ. ಮೀಟರ್ ಎಷ್ಟು ತೋರಿಸಿತು ಹೇಳಿ.

ಹಳೇಹುಲಿ: ಗೇಮ್ ಆಡುವಾಗ 400.

ತಂತಿಗಂಟು: ಹಾಗಾದರೆ ಒಳಗೆ ತಲುಪಿದ್ದು ಸುಮಾರು 360. ನಿಮ್ಮ ಮೀಟರೇ ನನ್ನ ಪರ ಮಾತಾಡುತ್ತಿದೆ. ಇನ್ನೂ ನಂಬಿಕೆ ಬರದಿದ್ದರೆ ಯಾವುದಾದರೂ ಒಳ್ಳೆಯ 650ರ ಲೇಬಲ್ ಓದಿ. 12 ವೋಲ್ಟ್ ಸಾಲಿನಲ್ಲಿ 54 ಆಂಪಿಯರ್ ಅಂತ ಇರುತ್ತದೆ. ಗುಣಿಸಿದರೆ 648. ಗೋಡೆಯ ಪ್ಲಗ್‌ನಲ್ಲಿ 12 ವೋಲ್ಟ್ ಬರುತ್ತದೆಯೇ? ಅದು ಸಪ್ಲೈಯಿಂದ ಹೊರಗೆ ಬರುವ ಲೆಕ್ಕ.

ರಾತ್ರಿಪಾಳಿ: ಬರೀ ಲೇಬಲ್ ಓದಿ ಕೆಟ್ಟವನು ನಾನು. 650ರ ಗೋಲ್ಡ್ ಸಪ್ಲೈಗೆ ಆರ್‌ಟಿಎಕ್ಸ್ 3080 ಹಾಕಿದ್ದೆ. ಆಟದ ಮಧ್ಯೆ ಪಟ್ಟನೆ ಆಫ್ ಆಗುತ್ತಿತ್ತು. ಮೀಟರ್ ಒಮ್ಮೆಯೂ 550 ದಾಟಿರಲಿಲ್ಲ. ಕಾರ್ಡು ಕಣ್ಣು ಮಿಟುಕಿಸುವುದರೊಳಗೆ ದುಪ್ಪಟ್ಟು ಎಳೆದು ಬಿಡುತ್ತದೆ. ಮೀಟರಿಗೆ ಅದು ಕಾಣುವುದೇ ಇಲ್ಲ, ಸಪ್ಲೈ ಮಾತ್ರ ಓವರ್‌ಲೋಡ್ ಅಂದುಕೊಂಡು ಆಫ್ ಆಗುತ್ತದೆ. ಇದಕ್ಕೇ 2022ರಲ್ಲಿ ಎಟಿಎಕ್ಸ್ 3.0 ಅನ್ನುವ ಪವರ್ ಸಪ್ಲೈ ಮಾನದಂಡ ಬಂದದ್ದು. ರೇಟಿಂಗಿನ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು ಅನ್ನುತ್ತದೆ ಅದು. 650ರದ್ದೇ ಆಗಲಿ, 3.0 ಇದೆಯಾ ನೋಡಿ ತಗೊಳ್ಳಿ.

ತಂತಿಗಂಟು: 3080 ಅಂದರೆ 320 ವ್ಯಾಟಿನ ಕಾರ್ಡು. ಇಲ್ಲಿ ಕೇಳಿದ್ದು 200ರದ್ದು. ಸುಮ್ನೆ ಹೆದರಿಸಬೇಡಿ.

ರಾತ್ರಿಪಾಳಿ: ಹೆದರಿಸುತ್ತಿಲ್ಲ ಗುರು. ಎರಡು ತಿಂಗಳು ಡ್ರೈವರ್ ಬದಲಿಸುತ್ತಾ, ವಿಂಡೋಸ್ ಮತ್ತೆ ಮತ್ತೆ ಹಾಕುತ್ತಾ ಕೂತಿದ್ದೆ. ತಪ್ಪು ಸಪ್ಲೈಯದ್ದು ಅಂತ ಆಮೇಲೆ ಗೊತ್ತಾಯಿತು. ಆ ಕಷ್ಟ ಇನ್ನೊಬ್ಬರಿಗೆ ಬೇಡ.

ಲೆಕ್ಕದವ: ಎಲ್ಲರೂ ಗೋಲ್ಡ್ ಗೋಲ್ಡ್ ಅನ್ನುತ್ತಿದ್ದೀರಿ. 80 ಪ್ಲಸ್ ಅಳೆಯುವುದು ಎಷ್ಟು ಕರೆಂಟು ಪೋಲಾಗುತ್ತದೆ ಅನ್ನುವುದನ್ನು. 12 ವೋಲ್ಟಿನ ಏರಿಳಿತ 120 ಮಿಲಿವೋಲ್ಟ್ ಒಳಗಿದೆಯೋ, ಶಾರ್ಟ್ ಆದರೆ ಕಡಿದುಕೊಳ್ಳುತ್ತದೆಯೋ, ಅದಕ್ಕೆ ಸಂಬಂಧವಿಲ್ಲ. ಪರೀಕ್ಷೆ ಮಾಡುವುದೂ 23 ಡಿಗ್ರಿ ಆಸುಪಾಸಿನಲ್ಲಿ. ಕ್ಯಾಬಿನೆಟ್ ಒಳಗೆ ಅಷ್ಟು ತಂಪು ಎಲ್ಲಿರುತ್ತದೆ? ಬಿಚ್ಚಿ ಪರೀಕ್ಷಿಸಿದವರ ರಿವ್ಯೂ ಓದಿ.

ಹಳೇಹುಲಿ: ನಾನು ಹೇಳಿದ್ದೂ ಅದೇ, ಗೋಲ್ಡ್ ನಂಬಬೇಡಿ.

ತಂತಿಗಂಟು: ಅದೇ ಎಲ್ಲಿ? ನೀವು ಗೋಲ್ಡಿನ 90% ಹಿಡಿದುಕೊಂಡೇ 585 ಅಂದದ್ದು!

ಹೊಸಕೈ: ಒಂದು ನಿಮಿಷ. 3.0 ಇರುವ 650 ತಗೊಳ್ಳುತ್ತೇನೆ. ಹಳೆಯ ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೆಯಬಹುದಾದ) ಸಪ್ಲೈಯ ಕೇಬಲ್‌ಗಳು ಮನೆಯಲ್ಲಿವೆ, ಉದ್ದ ಜಾಸ್ತಿ. ಅವನ್ನೇ ಹೊಸದಕ್ಕೆ ಸಿಕ್ಕಿಸಬಹುದಾ?

ರಾತ್ರಿಪಾಳಿ: ಬೇಡ, ಬೇಡ! ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಏನು ಅನ್ನುವುದಕ್ಕೆ ನಿಯಮವೇ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಕನೆಕ್ಟರ್ ಸಲೀಸಾಗಿ ಕೂರುತ್ತದೆ. ಆದರೆ 5 ವೋಲ್ಟ್ ಬರಬೇಕಾದ ಕಡೆ 12 ಬಂದರೆ ಡಿಸ್ಕು ಸುಟ್ಟೇ ಹೋಗುತ್ತದೆ. ಡಬ್ಬಿಯಲ್ಲಿ ಬಂದ ಕೇಬಲ್ ಮಾತ್ರ ಬಳಸಿ.

ಹಳೇಹುಲಿ: ಕೇಬಲ್ ವಿಷಯ ಸರಿ. ಆದರೂ 850 ತಗೊಂಡರೆ ಅರ್ಧ ಲೋಡಿನಲ್ಲಿ ನಡೆಯುತ್ತದೆ, ಫ್ಯಾನ್ ಸದ್ದು ಕಡಿಮೆ. ನಾಳೆ ದೊಡ್ಡ ಕಾರ್ಡು ಹಾಕಿದರೂ ಚಿಂತೆ ಇಲ್ಲ. ನಾನು ಮೊದಲಿಂದ ಹೇಳುತ್ತಿರುವುದು ಇದನ್ನೇ.

ತಂತಿಗಂಟು: ಮೊದಲು ಹೇಳಿದ್ದು 585.