ಬಾವಿಯಲ್ಲಿ ಈಜಿದವನು ರಾಫ್ಟಿಂಗ್‌ಗೆ ಹೋಗಬಹುದಾ?

ನಮ್ಮೂರು ಕೋಲಾರದ ಮಾಲೂರು ಹತ್ತಿರ. ಈಜು ಕಲಿತದ್ದು ತೋಟದ ಬಾವಿಯಲ್ಲಿ, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು. ಈಗ ಗೆಳೆಯರ ಜೊತೆ ದಾಂಡೇಲಿಗೆ, ಕಾಳಿ ನದಿಗೆ ಹೊರಟಿದ್ದೇನೆ. ರಾಫ್ಟ್‌ನಿಂದ, ಅಂದರೆ ಆ ಗಾಳಿ ತುಂಬಿದ ರಬ್ಬರ್ ದೋಣಿಯಿಂದ, ಬಿದ್ದರೆ ಈಜಿ ದಡ ಸೇರಬಹುದು ಅಲ್ವಾ?

ಉತ್ತರ, ಚಿಂತಾಮಣಿಯಿಂದ:
ಬಾವಿದು ನಿಂತ ನೀರು ಗುರುವೇ! ಬಿದ್ದ ತಕ್ಷಣ ಅಂಗಾತ ಮಲಗಿ. ಕಾಲು ನೀರು ಹರಿಯುವ ಕಡೆಗಿರಲಿ, ಬೆರಳು ನೀರಿನ ಮೇಲೆ ಕಾಣಲಿ. ಬಂಡೆ ಎದುರಾದರೆ ಕಾಲಲ್ಲಿ ಒದೆಯಬಹುದು. ಮೊಣಕಾಲುದ್ದ ನೀರು ತಾನೇ ಅಂತ ಎದ್ದು ನಿಲ್ಲಬೇಡಿ. ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ಸೆಳೆತ ಮುಖ ಅಡಿಯಾಗಿ ಕೆಡವುತ್ತದೆ. ನಾನು ನಿಲ್ಲಲು ಹೋಗಿ ಗೈಡ್ ಹತ್ತಿರ ಬೈಸಿಕೊಂಡೆ. ಒಂದು ಚಪ್ಪಲಿ ಅಲ್ಲೇ ಹೋಯಿತು.

ಇನ್ನೊಂದು ಉತ್ತರ, ತಿಪಟೂರಿನಿಂದ:
ದೋಣಿ ನಡೆಸುವ ಹುಟ್ಟಿನ ತುದಿಯ ಹಿಡಿ ಬಿಡಬೇಡಿ, ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ತೇಲಿಸುವ ಲೈಫ್ ಜಾಕೆಟ್‌ ಹಾಕಿಕೊಂಡ ಮೇಲೆ ಅದರ ಭುಜ ಹಿಡಿದು ಎತ್ತಿ ನೋಡಿ. ಕಿವಿವರೆಗೆ ಬಂದರೆ ಪಟ್ಟಿ ಸಡಿಲ.

ಕೇಳಿದವರು:
ಸೋರೆಬುರುಡೆಯೇ ವಾಸಿಯಿತ್ತು!