ಸಹಾಯ ಬೇಕು: ಬ್ಯಾಟರಿ ಬದಲಿಸಿದ ಮೇಲೆ ಹಳೇ ಗೇಮ್ ಬೋರ್ಡ್ ಶುರುವಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿ ಕೌಲ್ ಬಜಾರ್ ಕಡೆಯವನು. ನಮ್ಮ ಮಾವ ಹಿಂದೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಅವರು ಕೊಟ್ಟ ಸೂಪರ್ ಸ್ಟ್ರೀಟ್ ಫೈಟರ್ 2 ಬೋರ್ಡ್ ನನ್ನ ಹತ್ತಿರ ಇದೆ. 1993ರ ಗೇಮ್, ಕ್ಯಾಪ್‌ಕಾಮ್ ಕಂಪನಿಯ ಸಿಪಿಎಸ್-2 ಅನ್ನೋ ಆರ್ಕೇಡ್ ಬೋರ್ಡ್. ಅದರ 3.6 ವೋಲ್ಟ್ ಲಿಥಿಯಂ ಬ್ಯಾಟರಿ ಇಳಿದಿತ್ತು, ರಿಪೇರಿ ಅಂಗಡಿಯಲ್ಲಿ ಹೊಸದು ಹಾಕಿಸಿದೆ. ಈಗ ಆನ್ ಮಾಡಿದರೆ ಪರದೆ ತುಂಬ ಬರೀ ನೀಲಿ. ಸದ್ದೂ ಇಲ್ಲ.

ಬೋರ್ಡಿಗೆ ಕರೆಂಟ್, ಪರದೆ, ಬಟನ್ ಎಲ್ಲ ಸೇರುವ ಜಾಮಾ ಕನೆಕ್ಟರ್‌ನಲ್ಲಿ ಮೀಟರ್ ಇಟ್ಟು ನೋಡಿದೆ. 5 ವೋಲ್ಟ್, 12 ವೋಲ್ಟ್ ಎರಡೂ ಸರಿಯಾಗಿ ಬರುತ್ತಿವೆ. ಬ್ಯಾಟರಿಯ ಪ್ಲಸ್, ಮೈನಸ್ ಕೂಡ ಸರಿ ಇದೆ. ಗೇಮ್ ಪ್ರೋಗ್ರಾಂ ಇರುವ ಬಿ ಬೋರ್ಡ್‌ನಲ್ಲಿ ಬ್ಯಾಟರಿ ಕಾಲಿನ ಪಕ್ಕದ ಒಂದು ಟ್ರ್ಯಾಕ್ (ತಾಮ್ರದ ಗೆರೆ) ಹಸಿರು ತಿರುಗಿದೆ, ಆದರೆ ಕಂಟಿನ್ಯೂಟಿ ಇದೆ, ಎಲ್ಲೂ ಕಡಿದಿಲ್ಲ.

ಈ ಬೋರ್ಡ್‌ನಲ್ಲಿ ಗೂಢಲಿಪಿಯಲ್ಲಿರುವ ಪ್ರೋಗ್ರಾಂ ಬಿಡಿಸುವ ಕೀ (ಗುಪ್ತ ಸಂಖ್ಯೆ) ಬ್ಯಾಟರಿ ಬಲದ ಮೇಲೇ ನಿಂತಿರುತ್ತದೆ. ಬ್ಯಾಟರಿ ಕರೆಂಟ್ ತಪ್ಪಿದರೆ ಅಳಿಸಿಹೋಗುತ್ತದೆ. ಅದೇ ಆಗಿದೆ ಅಂತ ನನ್ನ ಅನುಮಾನ. ಆರ್ಡುಯಿನೋ ಅನ್ನೋ ಪುಟ್ಟ ಪ್ರೋಗ್ರಾಮಿಂಗ್ ಬೋರ್ಡಿನಿಂದ ಕೀ ಮತ್ತೆ ಬರೆಯಬಹುದು ಅಲ್ವಾ? ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಯಾರಾದರೂ ಮಾಡಿದ್ದರೆ ದಯವಿಟ್ಟು ಹೇಳಿ, ಬೋರ್ಡ್ ತಗೊಂಡು ನಾನೇ ಬರುತ್ತೇನೆ. ಇದನ್ನು ಗುಜರಿಗೆ ಹಾಕಲು ಮನಸ್ಸಿಲ್ಲ. ಕೀ ಬರೆಯುವ ಮೊದಲು ಆ ಹಸಿರು ಟ್ರ್ಯಾಕ್‌ಗೆ ಜಂಪರ್ ವೈರ್ ಹಾಕಿಬಿಡಲಾ, ಇಲ್ಲ ಸುಮ್ನೆ ಒರೆಸಿದರೆ ಸಾಕಾ?