ಮಂಚದ ಕೆಳಗಿನ ಗುಂಡ

ಭಾನುವಾರ ನಮ್ಮ ‘ಮನೆ ಮಂದಿ’ ಗುಂಪಿನಲ್ಲಿ ನಡೆದ ಜಗಳ ಇದು. ಶುಕ್ರವಾರ ಸಂಜೆ ತಮ್ಮ ಒಂದು ಬೆಕ್ಕನ್ನು ದತ್ತು ತಂದ. ಗಂಡು, 4 ವರ್ಷ, ಸಂತಾನಹರಣ ಆಪರೇಷನ್ ಆಗಿದೆ, ತೂಕ 6 ಕೆಜಿ. ಹೆಸರು ಗುಂಡ. ಬುಟ್ಟಿಯ ಬಾಗಿಲು ತೆಗೆದದ್ದೇ ತಡ, ಮಂಚದ ಕೆಳಗೆ ಸೇರಿಕೊಂಡ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ ಇವೆ. ಅಕ್ಷರ ತಪ್ಪು ತಿದ್ದಿದ್ದೇನೆ, ಜಗಳ ತಿದ್ದಿಲ್ಲ.

ಚಿಕ್ಕಪ್ಪ, 7:12
(ಹಲವು ಬಾರಿ ಫಾರ್ವರ್ಡ್ ಆಗಿದೆ. ವಿಡಿಯೋ, 0:38)
‘ಹೊಸ ಬೆಕ್ಕು ಹೆದರಿ ಅಡಗಿದೆಯೇ? 30 ಸೆಕೆಂಡಿನಲ್ಲಿ ನಿಮ್ಮದಾಗಿಸಿಕೊಳ್ಳಿ!!’

ಚಿಕ್ಕಪ್ಪ, 7:13
ಲೋ, ನಿನಗಾಗಿಯೇ ಹಾಕಿದ್ದೇನೆ. ಕತ್ತಿನ ಹಿಂದೆ ಹಿಡಿದು ಎಳೆದುಕೋ, ಟವೆಲ್ ಸುತ್ತು, ಮಡಿಲಲ್ಲಿ ಕೂರಿಸಿಕೋ. ಮುಗಿಯಿತು.

ತಮ್ಮ, 7:20
ಎರಡು ರಾತ್ರಿ ಕಳೆಯಿತು ಚಿಕ್ಕಪ್ಪ. ಇನ್ನೂ ಮುಖ ತೋರಿಸಿಲ್ಲ. ಬಗ್ಗಿ ನೋಡಿದರೆ ಬಾಲದ ತುದಿ ಮಾತ್ರ ಕಾಣುತ್ತದೆ. ಮಾಡಿ ನೋಡಲಾ?

ಅಕ್ಕ, 7:21
ಬೇಡ.

ಅಕ್ಕ, 7:21
ಖಂಡಿತಾ ಬೇಡ. ಕೈ ಹಾಕಿದೆಯೋ ನೋಡು.

ಚಿಕ್ಕಪ್ಪ, 7:23
ಬಂತು ಹೈಕೋರ್ಟ್.

ಅಕ್ಕ, 7:26
ತಮಾಷೆ ಅಲ್ಲ ಚಿಕ್ಕಪ್ಪ. ಅದು ಅಡಗದೇ ಇದ್ದಿದ್ದರೆ ಆಶ್ಚರ್ಯ. ವಾಸನೆ ಹೊಸದು, ಸದ್ದು ಹೊಸದು, ಜನ ಹೊಸಬರು. ಅದಕ್ಕೆ ಗೊತ್ತಿರುವ ಒಂದು ಅಂಗೈ ಅಗಲದ ನೆಲವೂ ಆ ಮನೆಯಲ್ಲಿ ಇಲ್ಲ. ಸದ್ಯಕ್ಕೆ ನಂಬಬಹುದಾದ ಜಾಗ ಅಂತ ಸಿಕ್ಕಿರುವುದು ಆ ಮಂಚದ ಕೆಳಗಿನ ಮೂಲೆ ಒಂದೇ. ಅಲ್ಲಿಂದಲೂ ಎಳೆದರೆ ಇನ್ನೆಲ್ಲಿಗೆ ಹೋಗಬೇಕು?

ಚಿಕ್ಕಪ್ಪ, 7:30
ವಿಡಿಯೋ ಪೂರ್ತಿ ನೋಡಮ್ಮ ಮೊದಲು. ಕೊನೆಯಲ್ಲಿ ಎಷ್ಟು ಸುಮ್ಮನೆ ಕೂತಿದೆ! ಜೊತೆಗೆ ಗುರ್‌ಗುರ್ ಬೇರೆ ಅನ್ನುತ್ತಿದೆ. ತಾಯಿ ಬೆಕ್ಕು ಮರಿಯನ್ನು ಕತ್ತು ಹಿಡಿದೇ ಎತ್ತುವುದಲ್ವಾ?

ನಾನು, 7:44
ಚಿಕ್ಕಪ್ಪ, ನಾನು ಎರಡು ಸಲ ನೋಡಿದೆ. ನೀವು 11ನೇ ಸೆಕೆಂಡಿಗೆ ನಿಲ್ಲಿಸಿ ನೋಡಿ. ಕಿವಿ ಎರಡೂ ಪಕ್ಕಕ್ಕೆ ಮಲಗಿವೆ. ಕೋಣೆ ತುಂಬ ಬಿಸಿಲಿದೆ, ಆದರೂ ಕಣ್ಣಿನ ಪಾಪೆ ಅರಳಿ ಕಣ್ಣೆಲ್ಲ ಕಪ್ಪಾಗಿದೆ. ಅಷ್ಟು ಬೆಳಕಿಗೆ ಅದು ಸಣ್ಣ ಗೆರೆಯಷ್ಟೇ ಇರಬೇಕಿತ್ತು. ಬಾಲ ಹೊಟ್ಟೆಗೆ ಅಂಟಿದೆ. ಅದು ಸುಮ್ಮನೆ ಕೂತಿರುವುದಲ್ಲ, ಮರಗಟ್ಟಿರುವುದು. ಓಡಲು ದಾರಿ ಇಲ್ಲ, ಪರಚಲು ಧೈರ್ಯ ಇಲ್ಲ ಅಂದಾಗ ಬೆಕ್ಕು ಹಾಗೆ ಮಾಡುತ್ತದೆ.

ನಾನು, 7:46
ಗುರ್‌ಗುರ್ ಅಂದರೆ ಖುಷಿ ಅಂತಲೇ ಅಲ್ಲ. ಹೆದರಿದಾಗಲೂ ನೋವಿದ್ದಾಗಲೂ ಗುರ್‌ಗುರ್ ಅನ್ನುವುದುಂಟು. ಇನ್ನು, ತಾಯಿ ಎತ್ತುವುದು ಮರಿಯನ್ನು. ಹುಟ್ಟಿದ ಮರಿ ಸುಮಾರು 100 ಗ್ರಾಂ ತೂಗುತ್ತದೆ. ಗುಂಡ 6 ಕೆಜಿ.

ಭಾವ, 7:48
ಗುರ್‌ಗುರ್ ವಿಷಯ ನನಗೆ ಅರ್ಥವಾಯಿತು. ಮಾವನವರ ಎದುರು ನಾನು ನಗುತ್ತೇನಲ್ಲ, ಅದೇ.

(ಅಪ್ಪ ಇದನ್ನು ಓದಿದರು. ನೀಲಿ ಟಿಕ್ ಬಿತ್ತು. ಉತ್ತರ ಬರಲಿಲ್ಲ.)

ಅಕ್ಕ, 7:55
ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು, 2014ರಲ್ಲಿ. ಆಶ್ರಯ ಕೇಂದ್ರಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗಲು ಪೆಟ್ಟಿಗೆ ಕೊಟ್ಟರು, 9ಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕ ಬೆಕ್ಕುಗಳೇ ಬೇಗ ಸುಧಾರಿಸಿಕೊಂಡವು. ಅಡಗಲು ಬಿಟ್ಟರೆ ಬೇಗ ಹೊರಗೆ ಬರುತ್ತವೆ, ತಿಳಿಯಿತಾ?

ಚಿಕ್ಕಪ್ಪ, 7:58
19 ಬೆಕ್ಕಾ? ಈ ಗುಂಪಿನಲ್ಲೇ 23 ಜನ ಇದ್ದೇವೆ. ನಮ್ಮ ಮೇಲೂ ಒಂದು ಸಂಶೋಧನೆ ಮಾಡಿಸೋಣ.

ಅಕ್ಕ, 8:01
ನಗಿ ನಗಿ. ಲೇ ತಮ್ಮಾ, ಮೂರು ದಿನ, ಮೂರು ವಾರ, ಮೂರು ತಿಂಗಳು. ಇದನ್ನು ನೆನಪಿಟ್ಟುಕೋ. ಮೂರು ದಿನ ಹೆದರಿಕೆ. ಮೂರು ವಾರಕ್ಕೆ ಮನೆಯ ದಿನಚರಿ ಗೊತ್ತಾಗುತ್ತದೆ. ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುತ್ತದೆ. ಅಲ್ಲಿಯವರೆಗೆ ಅವನ ತಂಟೆಗೇ ಹೋಗಬೇಡ. ಇದ್ದಾನೋ ಇಲ್ಲವೋ ಅಂತ ಕೂಡ ನೋಡಬೇಡ.

ಚಿಕ್ಕಪ್ಪ, 8:03
ಬೆಕ್ಕು ಕ್ಯಾಲೆಂಡರ್ ನೋಡಿಕೊಂಡು ಹೆದರುತ್ತದಾ?

ನಾನು, 8:06
ಈ ಒಂದು ವಿಷಯದಲ್ಲಿ ನಾನು ಚಿಕ್ಕಪ್ಪನ ಕಡೆ. ಅದು ಅಂದಾಜಿನ ಲೆಕ್ಕ ಅಕ್ಕ. ಕೆಲವು ಬೆಕ್ಕು ಮೊದಲ ದಿನವೇ ಸೋಫಾ ಹತ್ತುತ್ತದೆ, ಕೆಲವಕ್ಕೆ ವರ್ಷ ಬೇಕು. ‘ನೋಡಲೇಬೇಡ’ ಅನ್ನುವುದು ಜಾಸ್ತಿಯಾಯಿತು.

ತಮ್ಮ, 8:15
ಪುಟ್ಟಿ ಏನೋ ಹೇಳಬೇಕಂತೆ.

ತಮ್ಮ, 8:16
(ವಾಯ್ಸ್ ಮೆಸೇಜ್, 0:21)
‘ಅತ್ತೆ, ನಾನು ನೆಲದ ಮೇಲೆ ಮಲಗಿಕೊಂಡು ಗುಂಡನನ್ನೇ ನೋಡುತ್ತಿದ್ದೆ. ತುಂಬಾ ಹೊತ್ತು ನೋಡಿದೆ. ಅವನು ಬುಸ್ ಅಂದ. ಅವನಿಗೆ ನಾನು ಇಷ್ಟ ಇಲ್ವಾ?’

ನಾನು, 8:19
ಇಷ್ಟ ಇಲ್ಲ ಅಂತಲ್ಲ ಚಿನ್ನಾ. ಕಣ್ಣು ಮಿಟುಕಿಸದೆ ನೋಡಿದರೆ ಬೆಕ್ಕಿಗೆ ಅದು ‘ಬಾ ಜಗಳಕ್ಕೆ’ ಅಂದ ಹಾಗೆ. ಸ್ವಲ್ಪ ಪಕ್ಕಕ್ಕೆ ತಿರುಗಿ ಕೂತುಕೋ. ಅವನು ನೋಡಿದಾಗ ಕಣ್ಣನ್ನು ನಿಧಾನವಾಗಿ, ನಿದ್ದೆ ಬಂದವರ ಹಾಗೆ, ಅರ್ಧ ಮುಚ್ಚಿ ತೆಗೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿದರು. ಹಾಗೆ ಮಾಡಿದರೆ ಬೆಕ್ಕುಗಳೂ ತಿರುಗಿ ಕಣ್ಣು ಕಿರಿದು ಮಾಡುವುದು ಜಾಸ್ತಿಯಂತೆ. ಕೈ ಚಾಚಿದವರ ಹತ್ತಿರ ಬರುವುದೂ ಜಾಸ್ತಿಯಂತೆ.

ಭಾವ, 8:21
ಕನ್ನಡಿ ಮುಂದೆ ಮಾಡಿ ನೋಡಿದೆ. ನನಗೇ ನಿದ್ದೆ ಬಂತು.

ತಮ್ಮ, 8:40
ಒಂದು ಅನುಮಾನ. ಶುಕ್ರವಾರ ರಾತ್ರಿ ಸ್ವಲ್ಪ ತಿಂದ. ಆಮೇಲೆ ತಟ್ಟೆ ಹಾಗೇ ಇದೆ. ಹೆದರಿಕೆ ಹೋದ ಮೇಲೆ ತಿನ್ನುತ್ತಾನೆ ಅಲ್ವಾ?

ಅಕ್ಕ, 8:42
ತಿನ್ನುತ್ತಾನೆ ಬಿಡು. ಹಸಿದರೆ ತಾನೇ ಬರುತ್ತಾನೆ.

ಚಿಕ್ಕಪ್ಪ, 8:44
ಜ್ವರ ಇರಬೇಕು ಕಣೋ. ಒಂದು ಪ್ಯಾರಾಸಿಟಮಾಲ್‌ನಲ್ಲಿ ಕಾಲು ಭಾಗ ಪುಡಿ ಮಾಡಿ ನೀರಿಗೆ ಹಾಕು.

ನಾನು, 8:44
ಬೇಡ! ಬೆಕ್ಕಿನ ಲಿವರ್‌ಗೆ ಆ ಔಷಧ ಅರಗಿಸುವ ಶಕ್ತಿ ಇಲ್ಲ. ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ಮನುಷ್ಯರ ಯಾವ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಕೊಡಬೇಡ. ಚಿಕ್ಕಪ್ಪ, ದಯವಿಟ್ಟು ಆ ಮೆಸೇಜ್ ತೆಗೆದುಬಿಡಿ.

ಚಿಕ್ಕಪ್ಪ, 8:47
(ಈ ಸಂದೇಶವನ್ನು ಅಳಿಸಲಾಗಿದೆ)

ದೊಡ್ಡಮ್ಮ, 9:02
(ವಾಯ್ಸ್ ಮೆಸೇಜ್, 1:14)

(ದೊಡ್ಡಮ್ಮ ಟೈಪ್ ಮಾಡುವುದಿಲ್ಲ. ಎಷ್ಟು ಬೆಕ್ಕು ಸಾಕಿದ್ದಾರೋ ಅವರಿಗೇ ಲೆಕ್ಕ ಇಲ್ಲ. ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.)

‘ಬೆಳಿಗ್ಗೆಯಿಂದ ಎಲ್ಲರೂ ಎಳೆಯಬೇಕೋ ಬಿಡಬೇಕೋ ಅಂತ ಕಿತ್ತಾಡುತ್ತಿದ್ದೀರಿ. ಅವನು ಅಡಗಿರಲಿ. ಹತ್ತು ದಿನ ಅಡಗಲಿ. ನನಗೆ ಬೇಕಾಗಿರುವುದು ಊಟದ ತಟ್ಟೆ ಮತ್ತು ಅವನು ಉಚ್ಚೆ ಮಾಡುವ ಮರಳಿನ ಟ್ರೇ. ಶುಕ್ರವಾರ ರಾತ್ರಿಯಿಂದ ಅಂದರೆ ಈಗ ಒಂದೂವರೆ ದಿನ ಆಯಿತು. ಬೆಕ್ಕಿಗೆ ಉಪವಾಸ ಆಗಿಬರುವುದಿಲ್ಲ ಮಗೂ. ಅದರಲ್ಲೂ ಅವನು ದಪ್ಪಗಿದ್ದಾನೆ. ಮೊದಲು ಟ್ರೇ ನೋಡು. ಮರಳಿನಲ್ಲಿ ಒದ್ದೆ ಉಂಡೆ ಇದೆಯಾ? ಗಂಡು ಬೆಕ್ಕು, ಉಚ್ಚೆ ಕಟ್ಟಿದ್ದರೆ ಒಂದು ನಿಮಿಷವೂ ಕಾಯುವ ಹಾಗಿಲ್ಲ. ನೋಡಿ ಹೇಳು. ಆಮೇಲೆ ಡಾಕ್ಟರಿಗೆ ಫೋನ್ ಮಾಡು.’

ನಾನು, 9:06
ದೊಡ್ಡಮ್ಮ ಹೇಳಿದ್ದು ಸರಿ. ತಿನ್ನುವುದು ನಿಂತರೆ ಬೆಕ್ಕಿನ ಮೈಯ ಕೊಬ್ಬು ಕರಗಿ ಲಿವರ್‌ಗೆ ಹೋಗಿ ತುಂಬಿಕೊಳ್ಳುತ್ತದೆ. ದಪ್ಪ ಬೆಕ್ಕಿಗೆ ಎರಡು ಮೂರು ದಿನದ ಉಪವಾಸವೇ ಅಪಾಯ. 24 ಗಂಟೆ ಏನೂ ತಿನ್ನದಿದ್ದರೆ ಡಾಕ್ಟರನ್ನು ಕೇಳಲೇಬೇಕು. ‘ಹಸಿದರೆ ಬರುತ್ತಾನೆ’ ಅನ್ನುವುದು ಬೆಕ್ಕಿನ ವಿಷಯದಲ್ಲಿ ನಡೆಯುವುದಿಲ್ಲ.

ಅಕ್ಕ, 9:07
ಹ್ಞೂಂ.

ತಮ್ಮ, 9:18
ಟ್ರೇಯಲ್ಲಿ ಎರಡು ಉಂಡೆ ಇದೆ, ನಿಂಬೆಹಣ್ಣಿನಷ್ಟು. ರಾತ್ರಿ ನಾವು ಮಲಗಿದ ಮೇಲೆ ಬಂದಿದ್ದಾನೆ.

ದೊಡ್ಡಮ್ಮ, 9:20
(ವಾಯ್ಸ್ ಮೆಸೇಜ್, 0:09)
‘ಅಬ್ಬಾ. ಈಗ ಆ ಕೋಣೆಯ ಫೋಟೊ ಹಾಕು. ಪೂರ್ತಿ ಕೋಣೆ ಬೇಕು.’

ತಮ್ಮ, 9:24
(ಫೋಟೊ)

ದೊಡ್ಡಮ್ಮ, 9:26
(ವಾಯ್ಸ್ ಮೆಸೇಜ್, 0:33)
‘ಅಯ್ಯೋ ರಾಮ. ಟ್ರೇ ಪಕ್ಕದಲ್ಲೇ ತಟ್ಟೆ ಇಟ್ಟಿದ್ದೀಯಲ್ಲೋ! ನಿನಗೆ ಟಾಯ್ಲೆಟ್ಟಿನಲ್ಲಿ ಎಲೆ ಹಾಕಿದರೆ ಊಟ ಮಾಡುತ್ತೀಯಾ? ತಟ್ಟೆಯನ್ನು ಎದುರು ಮೂಲೆಗೆ ಇಡು. ನೀರನ್ನೂ ಟ್ರೇಯಿಂದ ದೂರ ಇಡು. ಮತ್ತೆ ಆ ತಟ್ಟೆಯಲ್ಲಿ ಇರುವುದು ಏನು? ಅವನು ಮೊದಲಿದ್ದ ಕಡೆ ತಿನ್ನುತ್ತಿದ್ದದ್ದೇನಾ?’

ತಮ್ಮ, 9:29
ಅಲ್ಲ ದೊಡ್ಡಮ್ಮ. ಶುಕ್ರವಾರ ತಿಂದದ್ದು ಅಲ್ಲಿಂದ ಕೊಟ್ಟ ಪುಟ್ಟ ಪೊಟ್ಟಣ. ಶನಿವಾರದಿಂದ ಬೇರೆ ಹಾಕುತ್ತಿದ್ದೇನೆ. ಅದೇ ಒಳ್ಳೆಯದು ಅಂತ ದೊಡ್ಡಕ್ಕ ಹೇಳಿದ್ದಳು.

ಚಿಕ್ಕಪ್ಪ, 9:30
ಹೈಕೋರ್ಟೇ!

ಅಕ್ಕ, 9:34
ಸರಿ, ತಪ್ಪು ನನ್ನದೇ. ಒಳ್ಳೆಯದು ಹೌದು, ಆದರೆ ಬಂದ ಮರುದಿನವೇ ಬದಲಿಸಬಾರದಿತ್ತು. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ವಾರ, ಹತ್ತು ದಿನದಲ್ಲಿ ಬದಲಿಸಬೇಕು. ಹೇಳುವುದು ಮರೆತೆ.

ನಾನು, 9:36
ಅವನ ಜೊತೆ ಹಳೆಯ ಹೊದಿಕೆ ಏನಾದರೂ ಕೊಟ್ಟಿದ್ದರಾ?

ತಮ್ಮ, 9:38
ಒಂದು ಟವೆಲ್ ಇತ್ತು. ಗಬ್ಬು ವಾಸನೆ. ಮೆಷಿನ್‌ಗೆ ಹಾಕಿ ಒಗೆದುಬಿಟ್ಟೆ.

(ಇಲ್ಲಿ ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಾನಂತೂ ಮೂರು ಸಲ ಬರೆದು ಮೂರು ಸಲ ಅಳಿಸಿದೆ.)

ನಾನು, 9:43
ಆ ಗಬ್ಬು ಅವನದೇ ಕಣೋ. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿ ಇರುತ್ತದೆ. ಕುರ್ಚಿ ಕಾಲಿಗೆ, ಬಾಗಿಲಿಗೆ, ನಮ್ಮ ಕಾಲಿಗೆ ಕೆನ್ನೆ ಉಜ್ಜುವುದು ‘ಇದು ನನಗೆ ಗೊತ್ತಿರುವ ಜಾಗ’ ಅಂತ ಗುರುತು ಹಾಕಲು. ಇಡೀ ಮನೆಯಲ್ಲಿ ಅವನ ಗುರುತು ಇದ್ದದ್ದು ಆ ಒಂದು ಟವೆಲ್‌ನಲ್ಲಿ. ಈಗ ಅದೂ ಸೋಪಿನ ವಾಸನೆ.

ತಮ್ಮ, 9:45
ಛೇ. ಈಗ ಏನು ಮಾಡಲಿ?

ತಮ್ಮ, 9:47
ಪುಟ್ಟಿ ಹೇಳುತ್ತಿದ್ದಾಳೆ, ಅವನನ್ನು ತಂದ ಬುಟ್ಟಿಯ ಒಳಗೆ ಇನ್ನೊಂದು ಬಟ್ಟೆ ಇದೆಯಂತೆ. ಅದನ್ನು ಒಗೆದಿಲ್ಲ. ಬುಟ್ಟಿ ಬಾಲ್ಕನಿಯಲ್ಲಿದೆ.

ದೊಡ್ಡಮ್ಮ, 9:48
(ವಾಯ್ಸ್ ಮೆಸೇಜ್, 0:16)
‘ಮಗುವಿಗೆ ಇರುವ ಬುದ್ಧಿ ನಿಮಗ್ಯಾರಿಗೂ ಇಲ್ಲ. ಬುಟ್ಟಿಯನ್ನು ಬಾಗಿಲು ತೆಗೆದು ಮಂಚದ ಪಕ್ಕ ಇಡು. ಬಾಯಿ ಗೋಡೆ ಕಡೆಗಿರಲಿ. ಅವನು ಹೋಗುತ್ತಾನೋ ಬಿಡುತ್ತಾನೋ, ಒತ್ತಾಯ ಬೇಡ.’

ತಮ್ಮ, 10:20
ಡಾಕ್ಟರ ಹತ್ತಿರ ಮಾತಾಡಿದೆ. ಹಳೆಯ ಆಹಾರವನ್ನೇ ತಂದು, ಉಗುರುಬೆಚ್ಚಗೆ ಮಾಡಿ ಇಡಿ ಅಂದರು. ಬೆಚ್ಚಗಿದ್ದರೆ ವಾಸನೆ ಚೆನ್ನಾಗಿ ಬರುತ್ತದಂತೆ. ಸಂಜೆ ಆರರೊಳಗೆ ತಿನ್ನದಿದ್ದರೆ ಕರೆತರಬೇಕು. ವಾಂತಿ, ಜೊಲ್ಲು, ಟ್ರೇಗೆ ಪದೇ ಪದೇ ಹೋಗಿ ತಿಣುಕುವುದು ಕಂಡರೆ ತಕ್ಷಣ. ಹಳೆಯ ಆಹಾರ ತರಲು ಹೊರಟೆ.

ಚಿಕ್ಕಪ್ಪ, 10:25
ಆರಕ್ಕೂ ಬರದಿದ್ದರೆ ಆಗ ಎಳೆಯಲೇಬೇಕಲ್ಲ? ಆಗ ನನ್ನ ವಿಡಿಯೋ ಬೇಕಾಗುತ್ತದೆ.

ನಾನು, 10:31
ಆಸ್ಪತ್ರೆಗೆ ಹೋಗಬೇಕಾದರೆ ಹಿಡಿಯಲೇಬೇಕು, ಒಪ್ಪಿದೆ. ಆದರೆ ಕತ್ತು ಹಿಡಿದು ಅಲ್ಲ. ದಪ್ಪ ಟವೆಲ್ ಮೇಲೆ ಹಾಕಿ, ಎದೆಗೂ ಹಿಂಗಾಲಿಗೂ ಕೈ ಕೊಟ್ಟು ಎತ್ತಿ ಬುಟ್ಟಿಗೆ ಇಡುವುದು. ಅದು ಚಿಕಿತ್ಸೆಗೆ ಅಂತ. ನಮಗೆ ಮುದ್ದು ಮಾಡುವ ಆಸೆ ಅಂತ ಎಳೆಯುವುದು ಬೇರೆ.

(ಮಧ್ಯಾಹ್ನ ಗುಂಪು ತಣ್ಣಗಿತ್ತು. ತಮ್ಮ ಮಾತ್ರ ಕಾಲು ಸುಟ್ಟ ಬೆಕ್ಕಿನ ಹಾಗೆ ನನಗೆ ಬೇರೆಯಾಗಿ ಹದಿನಾಲ್ಕು ಮೆಸೇಜ್ ಕಳಿಸಿದ. ಕೋಣೆಗೆ ಎಷ್ಟು ಸಲ ಹೋಗಿ ನೋಡುತ್ತಿದ್ದೀಯ ಅಂತ ಕೇಳಿದೆ. ಹತ್ತು ನಿಮಿಷಕ್ಕೊಮ್ಮೆ ಅಂದ. ಹೋಗಬೇಡ, ಫೋನನ್ನು ರೆಕಾರ್ಡ್‌ಗೆ ಹಾಕಿ ಅಲ್ಲಿಟ್ಟು ಬಾಗಿಲು ಮುಚ್ಚಿಕೊಂಡು ಬಾ ಅಂದೆ.)

ತಮ್ಮ, 4:52
(ಆಡಿಯೊ, 2:07)

ತಮ್ಮ, 4:52
ಮೊದಲ ಒಂದೂಕಾಲು ನಿಮಿಷ ಬರೀ ಫ್ಯಾನ್ ಸದ್ದು. ಆಮೇಲೆ ಕೇಳಿ.

(ಕೇಳಿದೆ. ಉಗುರು ನೆಲಕ್ಕೆ ತಾಗುವ ಟಿಕ್ ಟಿಕ್. ನಿಂತಿತು. ಮತ್ತೆ ಟಿಕ್. ಬುಟ್ಟಿ ಸ್ವಲ್ಪ ಸರಿದ ಸದ್ದು. ಆಮೇಲೆ ಲಪ ಲಪ ಅಂತ ನೆಕ್ಕುವುದು. ತಟ್ಟೆ ನೆಲದ ಮೇಲೆ ಜರುಗುವಷ್ಟು ಜೋರಾಗಿ.)

ಅಕ್ಕ, 4:55
ತಿಂದ!!

ತಮ್ಮ, 5:10
ಅರ್ಧ ತಟ್ಟೆ ಖಾಲಿ. ಡಾಕ್ಟರಿಗೆ ಹೇಳಿದೆ. ಇವತ್ತು ಬೇಡ, ಎಷ್ಟು ತಿನ್ನುತ್ತಾನೆ ಅಂತ ಬರೆದಿಟ್ಟು ನಾಳೆ ತಿಳಿಸಿ ಅಂದರು. ಈಗ ಬುಟ್ಟಿಯೊಳಗೆ ಮಲಗಿದ್ದಾನೆ.

ಚಿಕ್ಕಪ್ಪ, 5:14
ಒಳ್ಳೆಯದಾಯಿತು. ಮುಂದಿನ ಭಾನುವಾರ ನಾವು ನಾಲ್ಕೂ ಜನ ಬರುತ್ತೇವೆ ನೋಡಲು.

ದೊಡ್ಡಮ್ಮ, 5:16
(ವಾಯ್ಸ್ ಮೆಸೇಜ್, 0:05)
‘ಬೇಡ.’

ಚಿಕ್ಕಪ್ಪ, 5:17
ಅತ್ತಿಗೆ, ನಾನು ಒಬ್ಬನೇ ಬಂದರೆ?

ದೊಡ್ಡಮ್ಮ, 5:19
(ವಾಯ್ಸ್ ಮೆಸೇಜ್, 0:12)
‘ಒಬ್ಬರೇ ಬನ್ನಿ. ನೆಲದ ಮೇಲೆ ಕೂತು ಪೇಪರ್ ಓದಿ. ಅವನನ್ನು ಮಾತಾಡಿಸಬೇಡಿ. ಅವನಾಗಿ ಬಂದು ಮೂಸಿದರೆ ಮೂಸಲಿ.’

ಚಿಕ್ಕಪ್ಪ, 5:26
(ಈ ಸಂದೇಶವನ್ನು ಅಳಿಸಲಾಗಿದೆ)

ಭಾವ, 5:28
ಚಿಕ್ಕಪ್ಪ, ಬೆಳಿಗ್ಗೆ ಹಾಕಿದ ವಿಡಿಯೋನೂ ಕಾಣುತ್ತಿಲ್ಲವಲ್ಲ?

ಚಿಕ್ಕಪ್ಪ, 5:31
ಫೋನಿನಲ್ಲಿ ಜಾಗ ಇರಲಿಲ್ಲ. ಅದಕ್ಕೆ.